ಮುತ್ತಾತನ ಫೋಟೊದ ಕೆಳಗಿನ ಸಾಲು

ಮರ್ಫಿ, ಟೆಕ್ಸಸ್
೧೨ ಅಕ್ಟೋಬರ್ ೨೦೦೪

ಚಿದಾನಂದ ಅಂಕಲ್‌ಗೆ ವಿಶಾಲಾಕ್ಷಿಯ ನಮಸ್ಕಾರ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ 'ನಮ್ಮ ವೀರರು' ಎಂದು ತೂಗುಹಾಕಲು ನೀವು ಒಯ್ದ ನನ್ನ ಮುತ್ತಾತನ ಫೋಟೊದ ಕೆಳಗಿನ ಬರಹವನ್ನು ಬದಲಿಸಬೇಕು. ಆಗದಿದ್ದರೆ ಫೋಟೊ ವಾಪಸ್ ಕೊಡಬೇಕು.

'ಗಡಿನಾಡಿನ ದಂಗೆಕೋರರನ್ನು ಬಗ್ಗುಬಡಿದ ಕನ್ನಡದ ಕಲಿ' ಎಂದು ಬರೆಸಿದ್ದೀರಿ. ಅವನು ಯಾರನ್ನೂ ಬಗ್ಗುಬಡಿಯಲಿಲ್ಲ. ನೂರು ವರ್ಷದ ಹಿಂದೆ ಬ್ರಿಟಿಷ್ ಸೈನ್ಯದ ಸಿಪಾಯಿಯಾಗಿ ವಾಯವ್ಯ ಗಡಿಗೆ ಹೋದವನು, ಅಲ್ಲಿನ ಅಫ್ರೀದಿ ಪಠಾಣರು ಹಳ್ಳಿ ಬಿಟ್ಟು ಬೆಟ್ಟ ಹತ್ತಿದ ಮೇಲೆ, ಬ್ರಿಟಿಷ್ ಸಾಹೇಬರ ಹುಕುಮಿನಂತೆ ಅವರ ಖಾಲಿ ಮನೆಗಳಿಗೆ ಬೆಂಕಿಯಿಟ್ಟು, ಅಕ್ರೋಟಿನ ಮರಗಳನ್ನು ಕಡಿದು ಬಂದ. ಅದಕ್ಕೇ ಪದಕ ಸಿಕ್ಕಿತು. ಆಮೇಲೆ ಸಾಯುವ ತನಕ ಅಕ್ರೋಟು ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ತಿನ್ನುವುದಿಲ್ಲ. ಅವನ ಮಗಳು, ನಮ್ಮಜ್ಜಿ, ಒಮ್ಮೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡು, "ಬೇರೆಯವರ ಮಕ್ಕಳ ಬಾಯಿಂದ ಕಿತ್ಕೊಂಡಿದ್ದು ಕಣೇ ಅದು" ಎಂದಿದ್ದರು.

ಫೋನಿನಲ್ಲಿ ನೀವು, "ಹಬ್ಬದಾಗ ಇದೆಲ್ಲಾ ಯಾಕವಾ, ಮಂದಿ ಖುಷಿಯಿಂದ ಇರ್ಲಿ" ಎಂದಿರಿ. ಇರಲಿ. ಆದರೆ ನಮ್ಮನ್ನೂ ಆಳಿದವರ ಮಾತು ಕೇಳಿ ಇನ್ನೊಬ್ಬರ ಊರು ಸುಟ್ಟಿದ್ದನ್ನು ವೀರತನ ಎನ್ನಲು ನಾನು ಒಪ್ಪುವುದಿಲ್ಲ.

ಫೋಟೊದ ಕೆಳಗೆ ಇಷ್ಟು ಬರೆಸಿ: 'ಹೇಳಿದರೆಂದು ಮರ ಕಡಿದ. ಆಮೇಲೆ ಅದರ ಕಾಯಿ ಮುಟ್ಟಲಿಲ್ಲ.'

ಫೋಟೊ ವಾಪಸ್ ಕಳಿಸಿದರೂ ಹಬ್ಬಕ್ಕೆ ಬರುತ್ತೇನೆ. ಅಡುಗೆ ಕಮಿಟಿಯವರು ನನ್ನ ಕ್ಯಾರೆಟ್ ಹಲ್ವದ ಮೇಲೆ ಅಕ್ರೋಟು ಉದುರಿಸಲು ಹೇಳಿದ್ದಾರೆ. ಉದುರಿಸುವುದಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಬಡಿಸುತ್ತಲೇ ಹೇಳುತ್ತೇನೆ.

ಅವನ ಮರಿಮಗಳು,
ವಿಶಾಲಾಕ್ಷಿ