ನನ್ನ ರಕ್ತ ಹೇಳಿದ ಮಾತು

ಮಾಕಳಿ
೧೪ ಆಗಸ್ಟ್ ೨೦೨೫, ಗುರುವಾರ

ಪ್ರೀತಿಯ ಮಗಳು ಶೋಭಾರಾಣಿಗೆ,

ನಿನ್ನ ಸೊಂಟನೋವು ಈಗ ಹೇಗಿದೆ? ಎರಡನೇ ಬಾಣಂತನದಿಂದ ಅದು ನಿನ್ನನ್ನು ಬಿಟ್ಟೇ ಇಲ್ಲವೆಂದು ತಿಪಟೂರಿನ ನಿಮ್ಮ ಮನೆಗೆ ಹೋಗಿ ಬಂದ ಪಕ್ಕದ ಮನೆಯ ಅಶ್ವತ್ಥಮ್ಮ ಹೇಳಿದಳು. ಬಗ್ಗಿ ನೀರು ಹೊರಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವಳ ಅಕ್ಷರ, ಬೇಸರವಿಲ್ಲದೆ ಓದು. ಅಪ್ಪನ ತಿಥಿಗೆ ಬಂದವಳು ನಮ್ಮ ಮನೆಯಲ್ಲಿ ನೀರೂ ಕುಡಿಯದೆ ಹೊರಟೆ. ಆವತ್ತು ನಾನು ಬೈದುಕೊಂಡೆ. ಈಗ ಬೈಯುವುದಕ್ಕೆ ನನಗೆ ಬಾಯಿಲ್ಲ.

ನನ್ನ ತಮ್ಮ, ನಿಮ್ಮ ಸೋದರಮಾವ ಆಂಜಿನಪ್ಪನನ್ನು ಹದಿನೈದು ದಿನದ ಹಿಂದೆ ಚಿಕ್ಕಬಾಣಾವರದ ಅವನ ಮನೆಯಿಂದ ಪೊಲೀಸರು ಕರೆದುಕೊಂಡು ಹೋದರು. ನಮ್ಮ ಹಿತ್ತಲಿನ ರೂಮಿನಲ್ಲಿ ಬಾಡಿಗೆಗಿದ್ದ ಹನುಮವ್ವನನ್ನು ಇಪ್ಪತ್ತೆರಡು ವರ್ಷದ ಹಿಂದೆ ಕೊಂದವನು ಅವನೇ. ನೀನು ಅಂದೇ ಹೇಳಿದ್ದೆ. ನಿನಗಾಗ ಹದಿಮೂರು. ಸ್ಕೂಲಿನಿಂದ ಬಂದವಳು ಚೀಲವನ್ನೂ ಇಳಿಸದೆ, “ಅಮ್ಮಾ, ಮಾವ ಹನುಮವ್ವಕ್ಕನ ರೂಮಿಂದ ಓಡಿ ಬಂದ, ಕತ್ತೆಲ್ಲಾ ರಕ್ತ” ಅಂದೆ. ನಾನು ನಿನ್ನ ಕೆನ್ನೆಗೆ ಬಾರಿಸಿದೆ. “ಒಡಹುಟ್ಟಿದೋನ ಮೇಲೆ ಇಂಗೆಲ್ಲಾ ಆಡ್ತೀಯಾ” ಅಂದೆ. ನೀನು ಹೆದರಿ ಹೊರಗೇ ನಿಂತಿದ್ದಷ್ಟು ಹೊತ್ತಿನಲ್ಲಿ ಅವನ ಕತ್ತಿನ ಗೀರುಗಳಿಗೆ ಅರಿಶಿನ ಹಚ್ಚಿದ್ದವಳೂ ನಾನೇ. ಮುಳ್ಳುತಂತಿ ಗೀಚಿತು ಅಂದಿದ್ದ. ಸಂಜೆ ಪೊಲೀಸರು ಬಂದಾಗ ನೀನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ, ನನಗೆ ಗೊತ್ತಿತ್ತು. “ಮಧ್ಯಾನ್ನ ಇಲ್ಲೇ ಮುದ್ದೆ ಉಂಡು ಐದು ಗಂಟೆ ತನಕ ಮಲಗಿದ್ದ ಸಾರ್” ಎಂದು ಅವರಿಗೆ ಹೇಳಿದೆ. ಊರಿನವರ ಮಾತನ್ನು ಬಿಟ್ಟು, ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹನುಮವ್ವನ ಗಂಡ ಈಶಪ್ಪನ ಮಾತನ್ನು ಯಾರು ನಂಬುತ್ತಾರೆ? ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದರೆಂದು ಅವನನ್ನೇ ಹಿಡಿದುಕೊಂಡು ಹೋದರು. ಎರಡು ವರ್ಷ ಎಂಟು ತಿಂಗಳು ಅವನು ಜೈಲಿನಲ್ಲಿದ್ದ. ಸಾಕ್ಷಿ ಸಾಲದೆಂದು ಕೋರ್ಟು ಬಿಟ್ಟಿತು, ಜನ ಬಿಡಲಿಲ್ಲ. ಹೆಂಡತಿಯನ್ನು ಕೊಂದವನು ಎಂಬ ಹೆಸರು ಹೊತ್ತುಕೊಂಡೇ ಊರಿಗೆ ಹೋಗಿ, ಅಲ್ಲೇ ತೀರಿಕೊಂಡ.

ಅವರ ಮಗಳು ಭಾಗ್ಯಶ್ರೀ ನೆನಪಿದ್ದಾಳೆಯೇ? ಆಗ ಐದು ವರ್ಷದ ಮಗು. ಈಗ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಅಪ್ಪನ ಹೆಸರು ತೊಳೆಯಬೇಕೆಂದು ಹಟ ಹಿಡಿದು ಕೋರ್ಟಿಗೆ ಅರ್ಜಿ ಹಾಕಿದಳಂತೆ. ಹನುಮವ್ವನ ಉಗುರುಗಳನ್ನು ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಕತ್ತರಿಸಿ ಕವರಿನಲ್ಲಿ ಹಾಕಿ ಸೀಲು ಮಾಡಿಟ್ಟಿದ್ದರು. ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಚೂರು ಚರ್ಮದಿಂದ ಅದು ಯಾರದೆಂದು ಹೇಳಲು ಆಗ ಆಗಲಿಲ್ಲವಂತೆ, ಈಗಿನ ಡಿಎನ್‌ಎ ಪರೀಕ್ಷೆಯಲ್ಲಿ ಆಗುತ್ತದಂತೆ. ಭಾಗ್ಯಶ್ರೀಯ ರಕ್ತದ ಜೊತೆ ಹೋಲಿಸಿ ನೋಡಿ, ಅದು ಈಶಪ್ಪನದಲ್ಲ ಎಂದು ಮೊದಲು ಗೊತ್ತಾಯಿತು. ಆಮೇಲೆ, ಕೊಲೆಯಾದ ಕಾಲದಲ್ಲಿ ನಮ್ಮ ವಠಾರಕ್ಕೆ ಹೋಗಿ ಬರುತ್ತಿದ್ದ ಗಂಡಸರನ್ನೆಲ್ಲ ರಕ್ತ ಕೊಡಿ ಎಂದು ಕೇಳಿದರು. ನಿಮ್ಮ ಮಾವ ಮಾತ್ರ, “ಸಕ್ಕರೆ ಕಾಯ್ಲೆ ಕಣಕ್ಕ, ನಂಗಾಗಲ್ಲ” ಎಂದು ನನಗೆ ಹೇಳಿ ಲಾಯರನ್ನು ಹಿಡಿದ.

ಊರಲ್ಲಿ ಗುಸುಗುಸು ಶುರುವಾಯಿತು. ಮನೆಯ ಮಾನ ಉಳಿಸುತ್ತೇನೆಂದು ನಾನೇ ಸ್ಟೇಷನ್ನಿಗೆ ಹೋಗಿ, “ನಮ್ಮಿಬ್ಬರದೂ ಒಂದೇ ರಕ್ತ ಮೇಡಂ, ನಂದು ತಗೊಳಿ” ಎಂದು ಇನ್‌ಸ್ಪೆಕ್ಟರಮ್ಮನ ಮುಂದೆ ತೋಳು ಚಾಚಿದೆ. ನೀನು ನಂಬದೇ ಇರಬಹುದು, ಆದರೆ ಅಷ್ಟು ವರ್ಷ ಹೇಳಿ ಹೇಳಿ, ಅವನು ಮುದ್ದೆ ಉಂಡು ಚಾಪೆಯ ಮೇಲೆ ಮಲಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಎರಡು ತಿಂಗಳಾದ ಮೇಲೆ ಆಯಮ್ಮ ನನ್ನನ್ನು ಕರೆಸಿ ಕೂರಿಸಿ ನಿಧಾನವಾಗಿ ಹೇಳಿದರು: “ಉಗುರಲ್ಲಿ ಇದ್ದಿದ್ದು ನಿಮ್ಮ ಒಡಹುಟ್ಟಿದ ಗಂಡಸಿನದೇ ಇರಬೇಕು ಅಂತ ರಿಪೋರ್ಟ್ ಬಂದಿದೆ. ನಿಮಗೆ ಎಷ್ಟು ಜನ ಅಣ್ಣತಮ್ಮಂದಿರು?” “ಒಬ್ನೇ ಮೇಡಂ” ಅಂದೆ. ಕೋರ್ಟು ಅಪ್ಪಣೆ ಕೊಟ್ಟ ಮೇಲೆ ಅವನ ರಕ್ತವನ್ನೂ ತೆಗೆದರು. ಹೊಂದಿಕೆಯಾಯಿತು.

ಸ್ಟೇಷನ್ನಿನ ಬೆಂಚಿನ ಮೇಲೆ ಆ ಹುಡುಗಿ ಭಾಗ್ಯಶ್ರೀ ಕೂತಿದ್ದಳು. ತಾಯಿಯದೇ ಮುಖ. ಉಗಿಯುತ್ತಾಳೆ ಎಂದುಕೊಂಡೆ, ಉಗಿದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು, “ಅಮ್ಮಾರ, ನಮ್ಮಪ್ಪ ಸಾಯೂ ತನಕಾ ನಿಮ್ಮನ್ನ ಬೈಲಿಲ್ರಿ. ಆಕಿ ನಿನಗ ದಿನಾ ಹಾಲು ಕೊಡತಿದ್ಳು, ಛಲೋ ಹೆಣ್ಮಗಳು ಅಂತಿದ್ದ” ಅಂದಳು. ನನ್ನ ಮಾತಿನಿಂದಲೇ ತಾನು ಜೈಲಿನಲ್ಲಿ ಕೂತೆ ಎಂಬುದು ಆ ಮನುಷ್ಯನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಮಗಾ. ನಾನು ತಲೆ ಎತ್ತಲಿಲ್ಲ. ಸೆರಗಿನ ಅಂಚನ್ನು ನೋಡುತ್ತಲೇ ಹೊರಗೆ ಬಂದೆ. ಬಸ್‌ಸ್ಟಾಪಿನಲ್ಲಿ ನಮ್ಮೂರಿನವರು ಮಾತಾಡಿಸಿದರು, ಅವರ ಮುಖವನ್ನೂ ನೋಡಲಾಗಲಿಲ್ಲ. ಈಗ ಗಂಗಪ್ಪನ ಅಂಗಡಿಗೂ ಹೋಗುವುದಿಲ್ಲ. ಜನ ತಮ್ಮನನ್ನು ಬೈಯುತ್ತಾ ನನ್ನನ್ನು ಕಂಡು ಅಯ್ಯೋ ಪಾಪ ಅನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಸುಮ್ಮನೆ ನಿಲ್ಲುವುದು ಎಲ್ಲಕ್ಕಿಂತ ಕಷ್ಟ. ನಿಜ ಹೇಳಿದ ಮಗುವನ್ನು ಹೊಡೆದು ಬಾಯಿ ಮುಚ್ಚಿಸಿದೆ. ಅವತ್ತಿನಿಂದ ನೀನು ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳಲಿಲ್ಲ, ನಿನ್ನ ಕಷ್ಟವನ್ನೂ ಸುಖವನ್ನೂ. ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಹಿಡಿದೆ, ನಾಚಿಕೆಯಾಗಿ ಬಿಟ್ಟೆ.

ಅಳಿಯಂದಿರಿಗೆ ನನ್ನ ನಮಸ್ಕಾರ. ಮಕ್ಕಳಿಬ್ಬರೂ ನೂರು ಕಾಲ ಸುಖವಾಗಿರಲಿ. ಅವರು ಏನು ಹೇಳಿದರೂ ಪೂರ್ತಿ ಕೇಳಿಸಿಕೋ.

ಇಂತಿ ನಿನ್ನ ಅಮ್ಮ,
ಭದ್ರಮ್ಮ

ಇನ್ನೊಂದು ಮಾತಿದೆ. ಮೇಲೆ ಬರೆಯಲು ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ, ಧೈರ್ಯವಿರಲಿಲ್ಲ. ಅವನು ನಮ್ಮ ಮನೆಯಲ್ಲಿ ಉಂಡು ಮಲಗಿದ್ದ ಎಂದು ನಾನು ಹೇಳಿದ್ದು ಸುಳ್ಳೆಂದು ನಿನ್ನೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ ಸಹಿ ಹಾಕಿದ್ದೇನೆ. ಹೊರಗೆ ಕೂತಿದ್ದ ಭಾಗ್ಯಶ್ರೀಗೂ ಅದನ್ನೇ ಹೇಳಿದೆ, ಅವಳು ಬೆನ್ನು ತಿರುಗಿಸಿ ಹೋದಳು. ನನ್ನ ಮೇಲೂ ಕೇಸಾಗಬಹುದಂತೆ, ಆಗಲಿ. ಸೆಪ್ಟೆಂಬರ್ ಹನ್ನೊಂದಕ್ಕೆ ಕೋರ್ಟು. ಅವಳ ಕಡೆಯವರೆಂದು ಯಾರೂ ಇಲ್ಲ. ನಿನಗೆ ಬರಲಾದರೆ ಬಾ. ನನ್ನ ಪಕ್ಕ ಬೇಡ, ಆ ಹುಡುಗಿಯ ಪಕ್ಕ ಕೂತುಕೋ.