ಬೊಳ್ಳಿಯನ್ನು ಹಟ್ಟಿಗೆ ಮುಟ್ಟಿಸುವವರು

ಆಲಂಕಾರು,
ದೀಪಾವಳಿ ಕಳೆದ ಗುರುವಾರ

ಪ್ರೀತಿಯ ಮೋಕ್ಷಿತಕ್ಕ,

ನೀವು ಫೋನ್ ಎತ್ತುತ್ತಿಲ್ಲ. ಮೆಸೇಜು ಹಾಕಿದರೆ ನೋಡಿ ಸುಮ್ಮನಾಗುತ್ತೀರಿ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಒಮ್ಮೆ ಬಿಡಿಸಿ ನೋಡುತ್ತೀರಲ್ಲ, ಅಷ್ಟು ಸಾಕು. ನಾಳೆ ಅಪ್ಪ ಕೋಡಿಂಬಾಳಕ್ಕೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾರೆ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನೀವು ಬರೆದದ್ದನ್ನು ಓದಿದೆ. "ಇನ್ನು ಶನಿವಾರ ಯಾರೂ ಬರುದು ಬೇಡ. ಬೊಳ್ಳಿಯನ್ನು ತಿಂಗಳ ಕೊನೆಗೆ ಮೈಸೂರಿಗೆ ಕಳಿಸ್ತೇನೆ. ಒಂದು ಜೀವವನ್ನು ನೋಡಿಕೊಳ್ಳುವ ಯೋಗ್ಯತೆ ನನಗಿಲ್ಲ." ಅದನ್ನು ಓದಿ ಅಮ್ಮ ಅತ್ತರು. ನನಗೆ ಸಿಟ್ಟು ಬಂತು. ಗೋಪೂಜೆಯ ದಿನ ಬೊಳ್ಳಿಗೆ ಹೊಟ್ಟೆನೋವು ಶುರುವಾದದ್ದು ಮಧ್ಯಾಹ್ನ, ನೀವು ಬಂದು ಮುಟ್ಟಿದ್ದು ಸಂಜೆ. ನಡುವಿನ ಹೊತ್ತಿನಲ್ಲಿ ಏನಾಯಿತೆಂದು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ಎಲ್ಲರೂ ಕ್ಷಮೆ ಕೇಳುವ ಗಡಿಬಿಡಿಯಲ್ಲಿದ್ದರು. ಅದನ್ನು ಹೇಳುವವರೆಗೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೆ ಮೊದಲು ಸ್ವಲ್ಪ ಹಳೆಯದು ಹೇಳಬೇಕು. ನಿಮ್ಮಲ್ಲಿಗೆ ಮೊದಲ ಸಲ ಬಂದ ದಿನ ನಾನು ಬಹಳ ಕೆಟ್ಟ ಮುಖ ಮಾಡಿಕೊಂಡಿದ್ದೆ, ನೆನಪಿದೆಯಾ? ಹುಟ್ಟುವಾಗಲೇ ಬಿಗಿದುಕೊಂಡ ಈ ಎರಡು ಕಾಲುಗಳಿಗೆ ಅಷ್ಟರಲ್ಲಿ ಎಣ್ಣೆ, ಕಷಾಯ, ಹರಕೆ, ಪಟ್ಟಿ ಎಲ್ಲ ಆಗಿ ಮುಗಿದಿತ್ತು. ಇನ್ನು ಕುದುರೆಯೊಂದು ಬಾಕಿ ಇತ್ತು ಎಂದು ಅಪ್ಪನಿಗೆ ಕುಟುಕಿದ್ದೆ. ರಬ್ಬರ್ ಮರ ಕಡಿದು ಸಮ ಮಾಡಿದ ಜಾಗ, ಸುತ್ತ ಬಿದಿರಿನ ಬೇಲಿ, ಕುದುರೆ ಹತ್ತಲಿಕ್ಕೆ ಕೆಂಪುಕಲ್ಲಿನ ಒಂದು ಕಟ್ಟೆ. ಮದುವೆ ದಿಬ್ಬಣಗಳಲ್ಲಿ ಬ್ಯಾಂಡಿನ ಸದ್ದು ಕೇಳಿ ಕೇಳಿ ಯಾವುದಕ್ಕೂ ಬೆಚ್ಚದ ಬಿಳಿ ಹೆಣ್ಣು ಕುದುರೆ. ಅದಕ್ಕೆ ನೀವಿಟ್ಟ ಹೆಸರೋ, ನಮ್ಮ ಕಡೆ ಬಿಳಿ ದನಕ್ಕೆ ಇಡುವ ಹೆಸರು! ಬೆಳ್ಳಿಗೆ ತುಳುವಿನಲ್ಲಿ ಹೇಳುವ ಹಾಗೆ, ಬೊಳ್ಳಿ.

ಅಪ್ಪ ಎಲ್ಲರಲ್ಲಿ ಕೇಳುವ ಪ್ರಶ್ನೆಯನ್ನು ನಿಮ್ಮಲ್ಲೂ ಕೇಳಿದರು. "ಇದರಿಂದ ಸರಿಯಾಗ್ತದಾ ಮೇಡಂ?" ನೀವು ಫಿಸಿಯೋಥೆರಪಿ ಓದಿದವರು, ಏನಾದರೂ ದೊಡ್ಡ ದೊಡ್ಡ ಮಾತು ಹೇಳಬಹುದಿತ್ತು. ನೀವು ಅಪ್ಪನನ್ನು ಬಿಟ್ಟು ನನ್ನ ಕಡೆಗೆ ತಿರುಗಿ ಹೇಳಿದಿರಿ. "ಸರಿಯಾಗುದಿಲ್ಲ. ಸ್ವಲ್ಪ ಸಡಿಲ ಆಗ್ಬಹುದು. ಸೊಂಟಕ್ಕೆ ನಡೆಯುದು ಹೇಗೆ ಅಂತ ಗೊತ್ತಾಗ್ಬಹುದು. ನಿಮಗೆ ಖುಷಿ ಆದ್ರೆ ಮಾತ್ರ ಬನ್ನಿ." ನನ್ನ ಕಾಲಿನ ವಿಷಯವನ್ನು ಒಬ್ಬರು ನನ್ನ ಹತ್ತಿರವೇ ಮಾತಾಡಿದ್ದು ಅದೇ ಮೊದಲು. ಆ ಕ್ಷಣಕ್ಕೇ ನಾನು ನಿಮ್ಮವಳಾದೆ, ಕೆಟ್ಟ ಮುಖವನ್ನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡೆ.

ಕಟ್ಟೆಯಿಂದ ಬೊಳ್ಳಿಯ ಬೆನ್ನಿಗೆ ದಾಟಿಸಿದಿರಿ. ಮುಂದೆ ಹಗ್ಗ ಹಿಡಿದು ಒಬ್ಬರು, ಬಲಕ್ಕೆ ಅಪ್ಪ, ಎಡಕ್ಕೆ ನೀವು ನನ್ನ ತೊಡೆಯ ಮೇಲೆ ಕೈ ಇಟ್ಟುಕೊಂಡು. ಬೊಳ್ಳಿ ನಡೆದಳು. ಅವಳ ಮೈಯ ಬಿಸಿ ನಿಧಾನಕ್ಕೆ ನನ್ನ ತೊಡೆಗೆ ಹತ್ತಿತು. ನಾನು ಕೂತಿದ್ದೆ, ಆದರೆ ನನ್ನ ಸೊಂಟ ನಡೆಯುತ್ತಿತ್ತು. ಅತ್ತ ಇತ್ತ, ಮೇಲೆ ಕೆಳಗೆ, ಊರಿನವರೆಲ್ಲ ಯೋಚಿಸದೆ ಮಾಡುವ ಹಾಗೆ. ಅಪ್ಪನ ನೆತ್ತಿಯಲ್ಲಿ ಕೂದಲು ಉದುರಿ ಬೋಳಾಗಿದೆ ಎಂದು ನನಗೆ ಗೊತ್ತಾದದ್ದೂ ಅಂದೇ. ಹುಟ್ಟಿದಂದಿನಿಂದ ಎಲ್ಲರನ್ನೂ ಕೆಳಗಿನಿಂದಲೇ ನೋಡಿದವಳಿಗೆ ಅದೆಷ್ಟು ಮಜಾ ಎಂದು ನಿಮಗೆ ಹೇಗೆ ಹೇಳಲಿ. ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕೆ.

ಮುಂದಿನ ತಿಂಗಳುಗಳಲ್ಲಿ ನಿಮ್ಮ ಕೈ ತೊಡೆಯಿಂದ ಪಾದದ ಗಂಟಿಗೆ ಇಳಿಯಿತು. ಆಮೇಲೆ ಎಂದೋ ಒಂದು ದಿನ ಅದೂ ಇರಲಿಲ್ಲ. ತೆಗೆಯುತ್ತೇನೆ ಎಂದು ನೀವು ಹೇಳಲಿಲ್ಲ, ತೆಗೆದೆ ಎಂದು ಬೀಗಲೂ ಇಲ್ಲ. ಬದಿಯಲ್ಲಿ ನಡೆಯುತ್ತಾ ನನ್ನ ಟ್ಯೂಷನ್ ಮಕ್ಕಳ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದಿರಿ. ಅಂಥ ಸಮಯದಲ್ಲಿ ಅಂಥ ಮಾತಾಡಲು ಎಷ್ಟು ಧೈರ್ಯ ಬೇಕು ಎಂದು ಈಗ ಯೋಚಿಸುತ್ತೇನೆ.

ಆದರೆ ನಾನು ಹೇಳಬೇಕೆಂದಿರುವುದು ಸವಾರಿಯ ವಿಷಯವಲ್ಲ. ಇಳಿದ ಮೇಲಿನದ್ದು. ನಿಮ್ಮದೊಂದು ನಿಯಮವಿತ್ತು, ಎಲ್ಲ ಮನೆಯವರೂ ಬೈದುಕೊಳ್ಳುತ್ತಿದ್ದ ನಿಯಮ. ಸವಾರಿ ಮಾಡಿದವರೇ ಬೊಳ್ಳಿಯನ್ನು ಅವಳು ಮಲಗುವ ಹಟ್ಟಿಗೆ ಮುಟ್ಟಿಸಬೇಕು. ಗಾಲಿಕುರ್ಚಿಯವರಾಗಲಿ, ಕಣ್ಣು ಕಾಣದವರಾಗಲಿ, ನನ್ನಂತೆ ವಾಕರ್ ಹಿಡಿದವರಾಗಲಿ. ಅದಕ್ಕೆಂದೇ ಅಂಗಳದಿಂದ ಹಟ್ಟಿಯವರೆಗೆ ಕೆಂಪುಕಲ್ಲು ಹಾಸಿಸಿದ್ದಿರಿ. ಮೊದಲ ದಿನ ಸುಸ್ತಾಗಿ ಕೂತವಳನ್ನು ನೋಡಿ ಕೇಳಿದಿರಿ. "ಇಳಿದಾಯ್ತಲ್ಲ, ಈಗ ಅವಳನ್ನು ಮನೆಗೆ ಮುಟ್ಟಿಸುದು ಯಾರು?" ಅಮ್ಮನಿಗೆ ಸಹಿಸಲಾಗಲಿಲ್ಲ. "ಎಂತ ಮಾರಾಯ್ರೆ, ಇವಳನ್ನೇ ಯಾರಾದ್ರೂ ಮುಟ್ಟಿಸ್ಬೇಕು, ಇವಳು ಕುದುರೆಯನ್ನು ಮುಟ್ಟಿಸುದಾ?" ಎಂದರು. ನೀವು ನಕ್ಕು ಹಗ್ಗವನ್ನು ನನ್ನ ವಾಕರಿನ ಹಿಡಿಯ ಜೊತೆ ನನ್ನ ಬೆರಳುಗಳ ನಡುವೆ ಇಟ್ಟಿರಿ. ಕಟ್ಟಲಿಲ್ಲ, ಬರೀ ಇಟ್ಟಿರಿ.

ಟಕ್, ಎರಡು ಹೆಜ್ಜೆ. ಟಕ್, ಎರಡು ಹೆಜ್ಜೆ. ಆ ದಾರಿ ಮುಗಿಯುವಷ್ಟರಲ್ಲಿ ಅಪ್ಪ ಒಂದು ಪೇಪರ್ ಓದಿ ಮುಗಿಸುತ್ತಿದ್ದರು. ಬೊಳ್ಳಿ ಮೊದಮೊದಲು ನನ್ನನ್ನು ದಾಟಿ ಹೋಗಲು ನೋಡುತ್ತಿದ್ದಳು. ಆಮೇಲಾಮೇಲೆ ವಾಕರ್ ಊರಿದ ಸದ್ದಿಗೆ ಒಂದು ಕಾಲು ಎತ್ತಿ, ಮುಂದಿನ ಸದ್ದಿಗೆ ಕಾದು, ಇನ್ನೊಂದನ್ನು ಇಡತೊಡಗಿದಳು. ನನ್ನಂತೆ ಸವಾರಿಗೆ ಬರುವ ಜಾಸಿರ್ ಹಿಡಿದರೆ, ತುಳುವಿನ ಕಥೆಹಾಡು ಪಾಡ್ದನದ ಹಾಗಿನ ಅವನ ಉದ್ದದ ಹಾಡಿನ ಲಯಕ್ಕೆ ನಡೆಯುತ್ತಿದ್ದಳು. ಡೌನ್ ಸಿಂಡ್ರೋಮ್ ಇರುವ ಮೂವತ್ತರ ಗಂಡಸಿಗೆ ಊರಿನಲ್ಲಿ ಯಾರೂ ಒಂದು ಚೀಲವನ್ನೂ ಹೊರಲು ಕೊಡುವುದಿಲ್ಲ. ನೀವು ಕುದುರೆಯನ್ನೇ ಕೊಟ್ಟಿರಿ.

ಈಗ ಗೋಪೂಜೆಯ ದಿನಕ್ಕೆ ಬರುತ್ತೇನೆ. ನೀವು ಹಬ್ಬಕ್ಕೆಂದು ಸುಳ್ಯದ ಆಚೆ ಅರಂತೋಡಿನ ತಂದೆಮನೆಗೆ ಹೋಗಿದ್ದಿರಿ. ಹುಲ್ಲು, ನೀರು ಕೊಡಲು ಅಪ್ಪನಿಗೆ ಹೇಳಿದ್ದಿರಿ. ನಮ್ಮ ಮನೆಯಲ್ಲಿ ದನ ಇಲ್ಲದೆ ವರ್ಷಗಳಾದವು. ಪ್ರತಿ ದೀಪಾವಳಿಗೆ ಅಮ್ಮ ಹಾರ ಹಿಡಿದು ಯಾರ ಹಟ್ಟಿಗೆ ಹೋಗುವುದೆಂದು ಪರದಾಡುತ್ತಾರೆ. ಈ ಸಲ ಪರದಾಡಲಿಲ್ಲ. "ನನ್ನ ಮಗಳನ್ನು ಹೊತ್ತದ್ದು ಯಾವ ದನ? ಬೊಳ್ಳಿ ಅಲ್ವಾ?" ಎಂದು ಬೆಳಗ್ಗೆಯೇ ಚೆಂಡುಹೂವಿನ ಹಾರ ಕಟ್ಟಿದರು. ಹಟ್ಟಿ, ಬಿಳಿ ಮೈ, ಬೊಳ್ಳಿ ಎಂಬ ಹೆಸರು. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಅಪ್ಪನ ಜೊತೆ ನಾವಿಬ್ಬರೂ ನಿಮ್ಮಲ್ಲಿಗೆ ಬಂದೆವು.

ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ, ದನಕ್ಕೆ ಕೊಡುವ ಹಾಗೆಯೇ ಅಕ್ಕಿ ಕಡುಬು, ಬೆಲ್ಲ ಕಲಸಿದ ಅವಲಕ್ಕಿ ಕೊಟ್ಟರು. ಅಷ್ಟರಲ್ಲಿ ಜಾಸಿರ್‌ನನ್ನು ಕರೆದುಕೊಂಡು ಅವನ ಉಮ್ಮ ಆಸ್ಯಮ್ಮ ಬಂದರು. ನಮ್ಮ ಹಬ್ಬಕ್ಕೆ ಬರಿಗೈಯಲ್ಲಿ ಬರುವುದು ಹೇಗೆಂದು ಒಂದು ಚಿಪ್ಪು ಬಾಳೆಹಣ್ಣು, ಮನೆಯಲ್ಲಿ ಸುಟ್ಟ ಅಕ್ಕಿರೊಟ್ಟಿ ತಂದಿದ್ದರು. ಬೊಳ್ಳಿ ಯಾರದ್ದು ಹೆಚ್ಚು ತಿನ್ನುತ್ತಾಳೆ ಎಂದು ಇಬ್ಬರಿಗೂ ಪೈಪೋಟಿ. ಅಪ್ಪ ಒಮ್ಮೆ ಅನುಮಾನಪಟ್ಟರು. "ದನಕ್ಕೆ ಆಗುದು ಕುದುರೆಗೆ ಆಗುದಿಲ್ವಾ?" ಎಂದು ಇಬ್ಬರೂ ಒಟ್ಟಿಗೆ ಅವರ ಬಾಯಿ ಮುಚ್ಚಿಸಿದರು. ಸತ್ಯ ಹೇಳಲಾ? ಅಷ್ಟು ಪ್ರೀತಿಯಿಂದ ಮಾಡಿದ ತಪ್ಪನ್ನು ನಾನು ಬೇರೆಲ್ಲೂ ನೋಡಿಲ್ಲ.

ಊಟದ ಹೊತ್ತಿಗೆ ಬೊಳ್ಳಿ ನೆಲ ಕೆರೆಯತೊಡಗಿದಳು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಮೈಯೆಲ್ಲ ಬೆವರು. ಅಪ್ಪ ನಿಮಗೆ ಫೋನ್ ಮಾಡಿದರು. ನಿಮ್ಮ ದನಿ ಸ್ಪೀಕರಿನಲ್ಲಿ ಕೇಳಿತು. ಕುದುರೆಗೆ ದನದ ಹಾಗೆ ಮೆಲುಕು ಇಲ್ಲ, ವಾಂತಿಯೂ ಇಲ್ಲ, ಒಳಗೆ ಹೋದದ್ದು ಕೆಳಗೇ ಇಳಿಯಬೇಕು ಎಂದಿರಿ. "ಮಂಗಳೂರಿನಿಂದ ಡಾಕ್ಟ್ರನ್ನು ಕರೆಸ್ತೇನೆ, ನಾನೂ ಹೊರಟೆ. ಮಲಗಿ ಹೊರಳಿದ್ರೆ ಕರುಳು ಮಡಚಿ ಜೀವಕ್ಕೇ ಅಪಾಯ. ನಿಧಾನಕ್ಕೆ ನಡೆಸಿ, ದಮ್ಮಯ್ಯ, ನಡೆಸ್ತಾ ಇರಿ." ಯಾರನ್ನೂ ಬೈಯಲಿಲ್ಲ ನೀವು. ಯಾರು ಕೊಟ್ಟದ್ದು ಎಂದೂ ಕೇಳಲಿಲ್ಲ.

ಅಪ್ಪ ಹಗ್ಗ ಎಳೆದರು. ಬೊಳ್ಳಿ ಕದಲಲಿಲ್ಲ. ಅಮ್ಮ, ಆಸ್ಯಮ್ಮ ಹಿಂದಿನಿಂದ ತಳ್ಳಿದರು. ಅವಳು ಮುಂಗಾಲು ಮಡಚತೊಡಗಿದಳು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಆಗ ನನಗೆ ಹೊಳೆಯಿತು, ಅವಳು ಎಳೆದರೆ ಬರುವವಳಲ್ಲ, ನೀವು ಅವಳನ್ನು ಒಂದು ದಿನವೂ ಎಳೆದಿಲ್ಲ. ನಾನು ಎದ್ದೆ. "ನೀನು ಬೇಡ, ಬಿದ್ರೆ ಎಂತ ಮಾಡುದು?" ಎಂದು ಅಪ್ಪ ಅಡ್ಡ ಬಂದರು. ಬಿದ್ದರೆ ಬೀಳುತ್ತೇನೆ ಎಂದು ಹಗ್ಗ ಕಸಿದುಕೊಂಡೆ. ಬೊಳ್ಳಿಯ ಎದುರು ಹೋಗಿ ವಾಕರನ್ನು ಕೆಂಪುಕಲ್ಲಿನ ಮೇಲೆ ಊರಿದೆ. ಟಕ್.

ಅವಳ ಕಿವಿ ತಿರುಗಿತು ಮೋಕ್ಷಿತಕ್ಕ. ಮಡಚಿದ ಕಾಲು ನೆಟ್ಟಗಾಯಿತು. ಇನ್ನೊಂದು ಟಕ್‌ಗೆ ಒಂದು ಹೆಜ್ಜೆ ಇಟ್ಟಳು. ನಾನು ಹಿಂದೆ ನೋಡಲಿಲ್ಲ, ನೀವು ಕಲಿಸಿದ ಹಾಗೆ.

ಹಟ್ಟಿಯ ಬಾಗಿಲು ಬಂದಾಗ ಅವಳು ಒಳಗೆ ನುಗ್ಗಲು ನೋಡಿದಳು. ಒಳಗೆ ಹೋದರೆ ಮಲಗುತ್ತಾಳೆ. ಇಷ್ಟು ದಿನ ಅಲ್ಲಿಗೆ ಮುಟ್ಟಿಸಿದ್ದೇ ನಾನು, ಅವತ್ತು ಬಾಗಿಲಿನಿಂದ ತಿರುಗಿಸಬೇಕಾಗಿ ಬಂತು. ವಾಕರ್ ಹಿಡಿದು ತಿರುಗುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಅವಳು ನಾನು ತಿರುಗುವವರೆಗೆ ನಿಂತಳು, ಮತ್ತೆ ನನ್ನ ಹಿಂದೆ ಬಂದಳು. ಹೋದೆವು, ಬಂದೆವು. ನನ್ನ ಕಾಲು ನಡುಗಿ ನಿಂತಾಗ ಜಾಸಿರ್ ಹಗ್ಗ ಹಿಡಿದ. ಅವನ ಹಾಡು ನಿಂತಾಗ ಮತ್ತೆ ನಾನು ಹಿಡಿದೆ. ಜನ್ಮದಲ್ಲಿ ಅಷ್ಟು ನಡೆದವಳಲ್ಲ ನಾನು. ಕೈಯ ಚರ್ಮ ಕಿತ್ತುಬಂದಿತ್ತು, ಬಾಯಿಗೆ ಬಂದ ಹಾಗೆ ಬೊಳ್ಳಿಯನ್ನೂ ಕಾಲನ್ನೂ ಬೈಯುತ್ತಿದ್ದೆ, ಅಳುತ್ತಲೂ ಇದ್ದೆ. ನಮ್ಮ ನಡಿಗೆ ನಿಧಾನ ಎಂದು ಲೋಕವೆಲ್ಲ ಮರುಗುತ್ತದಲ್ಲ, ಅಂದು ಅವಳಿಗೆ ಬೇಕಾದದ್ದು ಅಷ್ಟೇ ನಿಧಾನ.

ನಿಮ್ಮ ಜೀಪಿನ ಸದ್ದು ಕೇಳುವುದಕ್ಕೆ ಸ್ವಲ್ಪ ಮೊದಲು ಬೊಳ್ಳಿ ನಿಂತಲ್ಲೇ ಲದ್ದಿ ಹಾಕಿದಳು. ಅಮ್ಮ ಆ ಲದ್ದಿಗೆ ಕೈ ಮುಗಿದರು. ಆಸ್ಯಮ್ಮ ಅಲ್ಲಾಹನನ್ನು ನೆನೆದು ನೆಲಕ್ಕೆ ಕುಸಿದು ಕೂತರು. ಆಮೇಲೆ ಡಾಕ್ಟರು ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದ್ದು, ಸೂಜಿ ಚುಚ್ಚಿದ್ದು ನಿಮಗೆ ಗೊತ್ತೇ ಇದೆ. "ನಡೆಸಿದ್ದು ಒಳ್ಳೆಯದಾಯ್ತು, ಯಾರು ನಡೆಸಿದ್ದು?" ಎಂದು ಅವರು ಕೇಳಿದರು. ನೀವು ಬೊಳ್ಳಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದಿರಿ, ನಿಮಗೆ ಕೇಳಿಸಲಿಲ್ಲ. ನಾನು ಹುಲ್ಲಿನ ಕಂತೆಗೆ ಒರಗಿ ಬಿದ್ದುಕೊಂಡಿದ್ದೆ, ಹೇಳುವಷ್ಟು ಉಸಿರಿರಲಿಲ್ಲ. ಈಗ ಹೇಳುತ್ತಿದ್ದೇನೆ. ನಡೆಸಿದ್ದು ನಾವು, ಆದರೆ ನಡೆಸಲು ಬರುವಂತೆ ಮಾಡಿದ್ದು ನೀವು. ನಮ್ಮ ಅಮ್ಮಂದಿರೆಲ್ಲ ಕ್ರೂರ ಎಂದು ಬೈದ ಆ ನಿಯಮ ಬೊಳ್ಳಿಯ ಜೀವ ಉಳಿಸಿತು.

ನಿಮಗೆ ಯೋಗ್ಯತೆ ಇಲ್ಲವೆಂದು ಬರೆದಿರಲ್ಲ, ನಮ್ಮನ್ನೆಲ್ಲ ಜನ ನೋಡಿಕೊಳ್ಳುತ್ತಾರೆ. ಅನ್ನ ಹಾಕಿ, ಬಟ್ಟೆ ತೊಡಿಸಿ, ದೂರ ಕೂರಿಸಿ ನೋಡಿಕೊಳ್ಳುತ್ತಾರೆ. ನಮಗೂ ಒಂದು ಜೀವವನ್ನು ನೋಡಿಕೊಳ್ಳಲು ಬರುತ್ತದೆ ಎಂದು ನಂಬಿದವರು ನೀವೊಬ್ಬರೇ. ಬೊಳ್ಳಿಯನ್ನು ಕಳಿಸಿದರೆ ಆ ನಂಬಿಕೆಯನ್ನೂ ಅದೇ ಲಾರಿಯಲ್ಲಿ ಹತ್ತಿಸಿದ ಹಾಗೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳಿಗೆ ಏನು ಕೊಡಬಾರದೆಂದು ಇನ್ನು ಮೇಲೆ ಅಮ್ಮ ಮತ್ತು ಆಸ್ಯಮ್ಮ ಹಟ್ಟಿಯ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಪಾಠ ಮಾಡುತ್ತಾರಂತೆ. ನಿಮ್ಮನ್ನೇ ಒಳಗೆ ಬಿಡುವುದು ಅನುಮಾನ.

ನಾನು ಶನಿವಾರ ಬರುತ್ತೇನೆ. ಸವಾರಿ ಬೇಡ, ಕೈಯ ಗಾಯ ಇನ್ನೂ ಒಣಗಿಲ್ಲ. ಗೇಟು ಹಾಕಿದ್ದರೆ ಕರೆಯುವುದೂ ಇಲ್ಲ, ನಿಮ್ಮ ಹಠ ನನಗೆ ಗೊತ್ತು. ಹೊರಗೆ ನಿಂತು ವಾಕರನ್ನು ಒಮ್ಮೆ ಕಲ್ಲಿಗೆ ಊರುತ್ತೇನೆ. ನೀವು ಬಾರದಿದ್ದರೂ ಒಳಗಿನಿಂದ ಬರುವವಳು ಒಬ್ಬಳು ಇದ್ದಾಳೆ. ಅವಳು ಬಂದ ಮೇಲೆ ನೀವೇ ಹೇಳಿ, ಅವಳನ್ನು ಮನೆಗೆ ಮುಟ್ಟಿಸುವುದು ಯಾರು?

ನಿಮಗೂ ಬೊಳ್ಳಿಗೂ ನೂರು ವರ್ಷ ಆಯುಸ್ಸಿರಲಿ ಎಂದು ಅಮ್ಮ ಬರೆಯಲು ಹೇಳಿದ್ದಾರೆ. ಕುದುರೆಗೆ ಅಷ್ಟು ಆಯುಸ್ಸಿಲ್ಲ ಎಂದೆ. ನೀನು ಬರಿ ಎಂದರು. ಬರೆದಿದ್ದೇನೆ.

ಕೆಂಪುಕಲ್ಲಿನ ದಾರಿಯಲ್ಲಿ ಕಾಣೋಣ,
ನಿಮ್ಮ ಸುಪ್ರಿತಾ