೩೧,೩೯೭ ಮನೆಗಳ ಊರಿನಿಂದ

ಫೆಬ್ರವರಿ ೩೦, ೨೩೯೧
ಒಡ್ಡಿನೂರು

ಹಿಂದಿನವರಿಗೆ ಕಾತ್ಯಾಯನಿಯ ನಮಸ್ಕಾರ.

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ, ಉಳಿದದ್ದಕ್ಕೆಲ್ಲ ನೀವು ಕೇಳಬೇಕು.

ನಿಮ್ಮಲ್ಲೇ ಯಾರೋ ಮುಂದೆ ಈ ಊರು ಕಟ್ಟುತ್ತೀರಿ. ಮನೆಗಳ ಸಂಖ್ಯೆ ಸದಾ ಅವಿಭಾಜ್ಯವಾಗಿರಬೇಕು ಎಂದು ನಿಯಮ ಬರೆಯುತ್ತೀರಿ. ಎರಡಾಗಿ, ಮೂರಾಗಿ, ಏಳಾಗಿ, ಹೇಗೂ ಸಮಪಾಲಾಗದ ಊರಿನಲ್ಲಿ ಸಮಬಲದ ಪಕ್ಷಗಳು ಹುಟ್ಟುವುದಿಲ್ಲ, ಆದ್ದರಿಂದ ಜಗಳವೂ ಇಲ್ಲ ಎಂಬುದು ನಿಮ್ಮ ಲೆಕ್ಕಾಚಾರ. ಸಮಬಲ ಇದ್ದವರೇ ಜಗಳವಾಡುತ್ತಾರೆ ಎಂದು ನಿಮಗೆ ಹೇಳಿದವರು ಯಾರು ಸ್ವಾಮಿ? ಮೂಡಣ ದಂಡೆಯವರಿಗೆ ಪಡುವಣದವರಿಗಿಂತ ಒಂದೇ ಒಂದು ಮನೆ ಹೆಚ್ಚು. ಆ ಒಂದು ಮನೆಯ ಜಂಬದಲ್ಲಿ ನೂರು ವರ್ಷದಿಂದ ನಮ್ಮ ತಲೆಯ ಮೇಲೆ ಕೂತಿದ್ದಾರೆ.

ಮೊದಲೆಲ್ಲ ಎರಡೋ ನಾಲ್ಕೋ ಹೊಸ ಸಂಸಾರ ಕೂಡಿದರೆ ಮುಂದಿನ ಅವಿಭಾಜ್ಯ ಸಂಖ್ಯೆ ಸಿಗುತ್ತಿತ್ತಂತೆ. ಆದರೆ ೩೧,೩೯೭ರ ಮುಂದಿನದು ೩೧,೪೬೯. ನಡುವೆ ಒಂದೂ ಇಲ್ಲ. ಬೇಕಾದರೆ ಕೂತು ಭಾಗಿಸಿ ನೋಡಿ. ಹೊಸ ಬಾಗಿಲು ತೆರೆಯಬೇಕಾದರೆ ಎಪ್ಪತ್ತೆರಡು ಸಂಸಾರ ಒಟ್ಟಿಗೆ ತಯಾರಿರಬೇಕು. ಅಲ್ಲಿಯವರೆಗೆ ಅವರೆಲ್ಲ ಹೊರಸಾಲಿನಲ್ಲಿರುತ್ತಾರೆ, ಅಂದರೆ ಒಡ್ಡಿನ ಆಚೆಗಿನ ಬಟ್ಟೆ ಗುಡಾರಗಳಲ್ಲಿ. ಮನೆ ನಂಬರಿಲ್ಲದವರಿಗೆ ನಲ್ಲಿಯಿಲ್ಲ, ದೀಪವಿಲ್ಲ, ಹುಟ್ಟಿದ ಮಗುವಿಗೆ ಶಾಲೆಯೂ ಇಲ್ಲ. ಊರಲ್ಲಿ ಯಾರಾದರೂ ಒಂಟಿಯಾಗಿ ತೀರಿಕೊಂಡರೆ ಆ ಬಾಗಿಲು ಹೊರಸಾಲಿನ ಒಬ್ಬರಿಗೆ ಸಿಗುತ್ತದೆ. ಹಾಗಾಗಿ ಅಲ್ಲಿಯವರು ಮುದುಕಿಯರನ್ನು ಕಂಡಾಗಲೆಲ್ಲ ಬಹಳ ಮುತುವರ್ಜಿಯಿಂದ, "ಅಜ್ಜಿ, ಕೆಮ್ಮು ಹೇಗಿದೆ?" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಮಗಳು ಮಂದಾಕಿನಿ ಮದುವೆಯಾದಾಗಿನಿಂದ ಅಲ್ಲೇ ಇದ್ದಾಳೆ. ಈಗ ಏಳು ತಿಂಗಳ ಬಸುರಿ. ಒಂದೇ ಬಾಗಿಲೊಳಗೆ ಎರಡು ಸಂಸಾರ ಇರುವಂತಿಲ್ಲವಾದ್ದರಿಂದ ನನ್ನ ಮನೆಗೂ ಕರೆಯುವಂತಿಲ್ಲ. ಕಳೆದ ವಾರ ಹೊರಸಾಲು ಎಪ್ಪತ್ತೊಂದಕ್ಕೆ ಬಂತು. ಒಂದೇ ಒಂದು ಸಂಸಾರ ಕಡಿಮೆ. ಊರಲ್ಲಿ ಸದ್ಯಕ್ಕೆ ಯಾವ ಮದುವೆಯೂ ಗೊತ್ತಾಗಿಲ್ಲ.

ನಾಳೆ ಬೆಳಿಗ್ಗೆ ನಾನೂ ನನ್ನ ಗಂಡ ಇಂದುಧರರೂ ಬೇರೆಯಾಗುತ್ತಿದ್ದೇವೆ. ಜಗಳವೇನಿಲ್ಲ. ಒಂದು ಮನೆ ಒಡೆದು ಎರಡಾದರೆ ಎಪ್ಪತ್ತೆರಡನೆಯ ಸಂಸಾರ ಸಿಕ್ಕಿದ ಹಾಗಾಯಿತು, ಎಲ್ಲರಿಗೂ ಬಾಗಿಲು ಸಿಗುತ್ತದೆ. ಒಡೆದ ಮನೆ ಮತ್ತೆ ಕೂಡುವಂತಿಲ್ಲ, ಕೂಡಿದರೆ ಎಣಿಕೆ ಕೆಡುತ್ತದೆ. ಹೊಸ ಮನೆಗಳೆಲ್ಲ ಊರಿನ ಆ ತುದಿಯಲ್ಲಿವೆ.

ನಾನು ಈ ಮಾತೆತ್ತಿದಾಗ ಅವರು, "ಹುಡುಗಿಗೆ ಬಾಗಿಲು ಸಿಕ್ಕಿದ್ರೆ ಸಾಕು ಕಣೆ. ಅನ್ನ ಮಾಡೋದೊಂದು ಇವತ್ತೇ ಹೇಳಿಕೊಟ್ಟುಬಿಡು" ಎಂದರು. ಎರಡು ಸಲ ಹೇಳಿಕೊಟ್ಟೆ, ಎರಡು ಸಲವೂ ತಳ ಹಿಡಿಸಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆ ನಿಯಮ ಬರೆಯುವ ಕೈ ಈಗ ನಿಮ್ಮ ನಡುವೆಯೇ ಎಲ್ಲೋ ಇದೆ. ಹಿಡಿದು ನಿಲ್ಲಿಸಿ. ನಮಗಿರುವುದು ನಾಳೆ ಬೆಳಗಿನವರೆಗಿನ ಸಮಯ ಮಾತ್ರ. ನಿಮಗಿನ್ನೂ ಮುನ್ನೂರು ವರ್ಷಕ್ಕೂ ಹೆಚ್ಚಿದೆ.